ಪಿಯು ಪ್ರವೇಶದ ದಿನವೇ ಮುಚ್ಚಿಹೋಗುವ ಬಾಗಿಲುಗಳು

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ಪದವಿಪೂರ್ವ ಕಾಲೇಜುಗಳಲ್ಲಿ ಪ್ರವೇಶ ನಡೆಯುತ್ತಿರುವ ಈ ದಿನಗಳಲ್ಲಿ ಎಲ್ಲ ಪತ್ರಿಕೆಗಳಲ್ಲೂ, ನಿಮ್ಮ ಪತ್ರಿಕೆಯೂ ಸೇರಿದಂತೆ, ರ್‍ಯಾಂಕ್ ಪಡೆದ ಮಕ್ಕಳ ಭಾವಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿದ ಪೂರ್ಣಪುಟದ ಜಾಹೀರಾತುಗಳು ಬರುತ್ತಿವೆ. ಆ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪುಟಗಳನ್ನು ನೋಡಿದ ತಂದೆತಾಯಂದಿರು ದೇಶದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡೇ ಓದುಗಳಿವೆ, ಒಂದಕ್ಕೆ ನೀಟ್ ಪರೀಕ್ಷೆ, ಇನ್ನೊಂದಕ್ಕೆ ಸಿಇಟಿ ಅಥವಾ ಜೆಇಇ, ಇವೆರಡಕ್ಕೂ ಇರುವುದು ಲಕ್ಷಗಟ್ಟಲೆ ಶುಲ್ಕದ 'ಇಂಟಿಗ್ರೇಟೆಡ್' (ಪಿಯು ಪಾಠದ ಜೊತೆಗೇ ಕೋಚಿಂಗ್ ಕೊಡುವ) ಕಾಲೇಜಿನ ದಾರಿಯೊಂದೇ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಕಂಡಿರುವುದು ಬೇರೆ. ಪ್ರವೇಶಕ್ಕೆ ತೀವ್ರ ಪೈಪೋಟಿ ಇರುವ ರಾಷ್ಟ್ರಮಟ್ಟದ ಸಂಸ್ಥೆಗಳಿಗೆ ನಮ್ಮ ಹಳ್ಳಿ, ಹೋಬಳಿಗಳ ಮಕ್ಕಳು ಹೋಗದಿರುವುದಕ್ಕೆ ಮುಖ್ಯ ಕಾರಣ ಬುದ್ಧಿಯ ಕೊರತೆಯೂ ಅಲ್ಲ, ಕೋಚಿಂಗ್ ಕೊರತೆಯೂ ಅಲ್ಲ. ಯಾವ ಸಂಸ್ಥೆಗೆ ಯಾವ ಪರೀಕ್ಷೆ, ಆ ಪರೀಕ್ಷೆಗೆ ಪಿಯುನಲ್ಲಿ ಯಾವ ವಿಷಯ ಓದಿರಬೇಕು, ಯಾವ ತಿಂಗಳು ಅರ್ಜಿ, ಯಾವ ನಮೂನೆಯ ಪ್ರಮಾಣಪತ್ರ ಎಂಬ ನಾಲ್ಕು ಸಂಗತಿಗಳು ಅವರಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಮೊದಲು ಕಾಂಬಿನೇಷನ್ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಈ ವಾರ, ಮುಂದಿನ ವಾರ ತೀರ್ಮಾನವಾಗುವುದು ಅದೇ. ಕಲಾ ವಿಭಾಗದಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ವಾಣಿಜ್ಯದಲ್ಲಿ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಎಂದು ನಾವು ಕರೆಯುವ ಕಾಂಬಿನೇಷನ್‌ಗಳನ್ನು ಗಣಿತಕ್ಕೆ ಹೆದರಿ ಆಯ್ದುಕೊಳ್ಳುವ ಮಕ್ಕಳು ಸಾವಿರಾರು. ಅವರಲ್ಲಿ ಅರ್ಥಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೈದು ತೆಗೆಯುವವರೂ ಇರುತ್ತಾರೆ. ಇಂಥ ವಿದ್ಯಾರ್ಥಿನಿಯೊಬ್ಬಳು ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿ.ಎ. ಆನರ್ಸ್ ಅರ್ಥಶಾಸ್ತ್ರ ಓದಬೇಕೆಂದರೆ ಆಕೆಗೆ ಅರ್ಜಿ ಹಾಕುವ ಅರ್ಹತೆಯೇ ಇರುವುದಿಲ್ಲ. ಅಲ್ಲಿನ ನಿಯಮದಂತೆ ಆ ಕೋರ್ಸಿಗೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆಂದು ನಡೆಯುವ ಸಿಯುಇಟಿ ಪರೀಕ್ಷೆಯಲ್ಲಿ ಗಣಿತ ಬರೆದಿರಬೇಕು, ಮತ್ತು ಹನ್ನೆರಡನೇ ತರಗತಿಯಲ್ಲಿ ಪಾಸಾದ ವಿಷಯಗಳನ್ನೇ ಸಿಯುಇಟಿಯಲ್ಲಿ ಆರಿಸಿಕೊಳ್ಳಬೇಕು. ಹದಿನಾರನೇ ವಯಸ್ಸಿನಲ್ಲಿ, ಪಕ್ಕದ ಮನೆಯವರ ಸಲಹೆಯ ಮೇಲೆ ಗಣಿತ ಬಿಟ್ಟವರಿಗೆ ಈ ಪರಿಣಾಮವನ್ನು ಯಾರೂ ಹೇಳಿರುವುದಿಲ್ಲ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ದತ್ತಾಂಶ ವಿಜ್ಞಾನ, ವಾಣಿಜ್ಯದ ಆನರ್ಸ್ ಕೋರ್ಸುಗಳ ಬಗ್ಗೆ ಅಲ್ಪಸ್ವಲ್ಪ ಒಲವಿದ್ದರೂ ಗಣಿತವಿರುವ ಕಾಂಬಿನೇಷನ್ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 'ಬೇಸಿಕ್ ಮ್ಯಾಥ್ಸ್' ಇರುವ ಕಾಂಬಿನೇಷನ್ ತೆಗೆದುಕೊಳ್ಳುವವರು, ತಾವು ಸೇರಬಯಸುವ ವಿಶ್ವವಿದ್ಯಾಲಯ ಅದನ್ನು ಗಣಿತವೆಂದು ಒಪ್ಪುತ್ತದೆಯೇ ಎಂಬುದನ್ನು ಇಮೇಲ್ ಬರೆದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೌನ್ಸೆಲಿಂಗ್ ದಿನ ಕೇಳಿದರೆ ಉತ್ತರ ಏನೇ ಬಂದರೂ ಪ್ರಯೋಜನವಿಲ್ಲ.

ಸಿಯುಇಟಿಯ ಬಗ್ಗೆ ಎರಡು ಮಾತು ವಿವರವಾಗಿ ಹೇಳಬೇಕು. ಇದು 2022ರಲ್ಲಿ ಆರಂಭವಾದ ಪರೀಕ್ಷೆ. ಅದಕ್ಕೂ ಹಿಂದಿನ ವರ್ಷ ದೆಹಲಿಯ ಕೆಲವು ಕಾಲೇಜುಗಳಲ್ಲಿ ಕೆಲವು ಕೋರ್ಸುಗಳ ಕಟ್‌ಆಫ್ ನೂರಕ್ಕೆ ನೂರಕ್ಕೇರಿತ್ತು. ಅಂಕಗಳನ್ನು ಬಿಗಿಯಾಗಿ ಕೊಡುವ ಮಂಡಳಿಗಳ ಮಕ್ಕಳಿಗೆ ಅಲ್ಲಿ ಕಾಲಿಡಲು ಜಾಗವೇ ಇರಲಿಲ್ಲ. ಈಗ ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ಸೀಟು ನಿರ್ಧಾರವಾಗುವುದು ಸಿಯುಇಟಿ ಅಂಕದಿಂದ. ಅಂದರೆ ವಾರ್ಷಿಕ ಪರೀಕ್ಷೆಯಲ್ಲಿ 600ಕ್ಕೆ 520 ಬಂದವರೂ 590 ಬಂದವರೂ ಅಲ್ಲಿ ಒಂದೇ ಗೆರೆಯಲ್ಲಿ ನಿಂತು ಓಟ ಶುರು ಮಾಡುತ್ತಾರೆ. ನಮ್ಮ ಪೋಷಕರಲ್ಲಿ ಬಹುಪಾಲು ಜನರಿಗೆ ಇದು ಗೊತ್ತಿಲ್ಲದಿರುವುದರಿಂದ ಎಂಬತ್ತು ಎಂಬತ್ತೈದು ಪ್ರತಿಶತ ಬಂದ ಮಗುವನ್ನು 'ಇನ್ನು ಇಲ್ಲೇ ಎಲ್ಲಾದರೂ ಸೇರಿಕೋ' ಎಂದು ಸುಮ್ಮನಾಗಿಸಿಬಿಡುತ್ತಾರೆ. ಪರೀಕ್ಷೆಯನ್ನು ಕನ್ನಡ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಜೊತೆಗೆ, ಭಾಷಾ ಪತ್ರಿಕೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯದ ಬಹುತೇಕ ಬಿ.ಎ. ಆನರ್ಸ್ ಕೋರ್ಸುಗಳ ಲೆಕ್ಕಕ್ಕೆ ಬೇಕಾದ ಒಂದು ಭಾಷೆಯ ಜಾಗದಲ್ಲಿ ಕನ್ನಡದ ಅಂಕ ಸಲ್ಲುತ್ತದೆ. ಇಂಗ್ಲಿಷ್ ಪತ್ರಿಕೆಗೆ ಅಂಜಿ ಹಿಂದೆ ಸರಿಯುವ ಮಕ್ಕಳಿಗೆ ಇದನ್ನು ಹೇಳಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅಲ್ಲಿ ಹೋದ ಮೇಲೆ ಪಾಠ ಇಂಗ್ಲಿಷಿನಲ್ಲೇ ಇರುತ್ತದೆ ಎಂಬುದನ್ನೂ ಮರೆಮಾಚದೆ ಹೇಳಬೇಕು.

2025ರಿಂದ ಒಬ್ಬ ಅಭ್ಯರ್ಥಿ ಐದು ವಿಷಯಗಳಿಗಿಂತ ಹೆಚ್ಚು ಆರಿಸಿಕೊಳ್ಳುವಂತಿಲ್ಲ. ಪ್ರತಿ ವಿಷಯಕ್ಕೆ ಅರವತ್ತು ನಿಮಿಷ, ಐವತ್ತು ಪ್ರಶ್ನೆ. ಸರಿ ಉತ್ತರಕ್ಕೆ ಐದು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಹೀಗಿರುವಾಗ ಸುಲಭವೆಂದು ತೋರಿದ ವಿಷಯಗಳನ್ನು ಸೈಬರ್ ಸೆಂಟರ್‌ನಲ್ಲಿ ಅವಸರಕ್ಕೆ ಗುರುತು ಹಾಕಿ ಬರುವುದು ದೊಡ್ಡ ಅಪಾಯ. ಮೊದಲು ವಿಶ್ವವಿದ್ಯಾಲಯದ ಮಾಹಿತಿ ಪುಸ್ತಿಕೆ ತೆರೆದು, ಬೇಕಾದ ಕೋರ್ಸು ಯಾವ ವಿಷಯಗಳ ಅಂಕವನ್ನು ಕೇಳುತ್ತದೆ ಎಂದು ನೋಡಿ, ಆಮೇಲೆ ಸಿಯುಇಟಿ ಅರ್ಜಿ ತುಂಬಬೇಕು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಇನ್ನೊಂದು ತೊಡಕೂ ಇದೆ. ಪ್ರಶ್ನೆಗಳಿಗೆ ಆಧಾರ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿ ಪಠ್ಯ. ವಿಜ್ಞಾನ ವಿಭಾಗದವರು ಪಿಯುನಲ್ಲೂ ಅದನ್ನೇ ಓದುವುದರಿಂದ ಅವರಿಗೆ ಕಷ್ಟವಿಲ್ಲ. ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ ನಮ್ಮ ರಾಜ್ಯದ ಪುಸ್ತಕಗಳೇ ಬೇರೆ. ಅಲ್ಲಿ ಚೆನ್ನಾಗಿ ಓದಿದ ವಿದ್ಯಾರ್ಥಿಯೂ ಸಿಯುಇಟಿಯಲ್ಲಿ ತಾನು ಕಂಡೇ ಇರದ ಅಧ್ಯಾಯಗಳ ಪ್ರಶ್ನೆ ಎದುರಿಸುತ್ತಾನೆ. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತವಾಗಿವೆ. ಕಲಾ ವಿಭಾಗದ ಉಪನ್ಯಾಸಕರು ಎರಡೂ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ನಮ್ಮಲ್ಲಿ ಇಲ್ಲದ ಅಧ್ಯಾಯಗಳನ್ನು ಒಂದು ಹಾಳೆಯಲ್ಲಿ ಬರೆದು ದಸರಾ ರಜೆಗೆ ಮುಂಚೆ ಮಕ್ಕಳ ಕೈಗೆ ಕೊಟ್ಟರೆ, ಅದು ಯಾವ ಕೋಚಿಂಗ್ ಕೇಂದ್ರದ ಪ್ಯಾಕೇಜಿಗೂ ಕಡಿಮೆಯಲ್ಲ.

'ನಮ್ಮ ಮಕ್ಕಳನ್ನು ದೆಹಲಿಗೆ ಏಕೆ ಕಳಿಸಬೇಕು' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಪದವಿ ಪ್ರವೇಶ ಸಿಯುಇಟಿ ಮೂಲಕವೇ. ಪಿಯು ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಆಗುವುದಿಲ್ಲ; ಅಷ್ಟು ಹೊತ್ತಿಗೆ ಸಿಯುಇಟಿ ಅರ್ಜಿಯ ಗಡುವು ಮುಗಿದಿರುತ್ತದೆ. ರಾಯಚೂರು, ಬೀದರ್ ಭಾಗದ ಮಕ್ಕಳಿಗೆ ಹತ್ತಿರದ ಹೈದರಾಬಾದ್ ವಿಶ್ವವಿದ್ಯಾಲಯದ ಐದು ವರ್ಷದ ಸಂಯೋಜಿತ ಕೋರ್ಸುಗಳಿಗೂ ಇದೇ ಪರೀಕ್ಷೆ. ಪೈಪೋಟಿಯ ಸಂಸ್ಥೆಗಳಲ್ಲಿ ಎಷ್ಟೋ ನಮ್ಮ ನೆಲದಲ್ಲೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆ ನಿಂತಿರುವುದು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆ, ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿ, ಶಿಕ್ಷಕರಾಗಬಯಸುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಲ್ಲವೂ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿವೆ.

ಈ ಪೈಕಿ ಕಾನೂನು ಶಾಲೆಯ ಬಗ್ಗೆ ನನಗೆ ವಿಶೇಷ ಕಳಕಳಿ ಇದೆ. ಕಲಾ ವಿಭಾಗದ ಮಕ್ಕಳಿಗೆ ಇಡೀ ದೇಶದಲ್ಲಿ ತೆರೆದಿರುವ ಅತ್ಯುತ್ತಮ ಅವಕಾಶ ಅದು, ಅವರಿಗೇ ಅದು ಗೊತ್ತಿಲ್ಲ. ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಕೋರ್ಸಿನ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯಲು ಇಂಥದ್ದೇ ವಿಷಯ ಓದಿರಬೇಕೆಂಬ ನಿಯಮವಿಲ್ಲ. ಪಿಯುಸಿಯಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಸಾಕು. ಬೆಂಗಳೂರಿನ ಕಾನೂನು ಶಾಲೆ, ಕರ್ನಾಟಕದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ (ಎಲ್ಲ ವರ್ಗಗಳೊಳಗೂ ಅನ್ವಯಿಸುವ) ಮೀಸಲಾತಿಯನ್ನೂ ಕೊಡುತ್ತಿದೆ. ಇಷ್ಟಿದ್ದರೂ ಆ ಅವಕಾಶ ಹೆಚ್ಚಾಗಿ ಸಲ್ಲುವುದು ಬೆಂಗಳೂರಿನ ದುಬಾರಿ ಶಾಲೆಗಳ ಮಕ್ಕಳಿಗೇ ಇರಬೇಕು ಎಂಬುದು ನನ್ನ ಅನುಮಾನ, ಏಕೆಂದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕ್ಲಾಟ್ ಎಂಬ ಹೆಸರು ಕೇಳಿದ ವಿದ್ಯಾರ್ಥಿ ಸಿಗುವುದೇ ವಿರಳ. ಕೇಳಿದವರಿಗೂ ಅದರ ಕಾಲದ ಅಂದಾಜಿರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆಯುತ್ತಿದೆ. ಅಂದರೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಗೂ ಮೂರು ತಿಂಗಳು ಮೊದಲು. ಅರ್ಜಿ ಸಾಮಾನ್ಯವಾಗಿ ಜುಲೈ ಅಥವಾ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್ ಕೊನೆ, ನವೆಂಬರ್ ಆರಂಭದ ಹೊತ್ತಿಗೆ ಮುಗಿಯುತ್ತದೆ. 'ಪಿಯು ಮುಗಿಯಲಿ, ಆಮೇಲೆ ನೋಡೋಣ' ಎನ್ನುವ ನಮ್ಮ ವಾಡಿಕೆಗೆ ಆ ಶಾಲೆಯಲ್ಲಿ ಸ್ಥಳವಿಲ್ಲ.

ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ ಎಂಬುದು ನಿಜವಾದ ಅಡ್ಡಿ. ಎರಡು ಗಂಟೆಯಲ್ಲಿ 120 ಪ್ರಶ್ನೆಗಳು, ಅವೂ ಉದ್ದುದ್ದ ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಕಂಠಪಾಠ ಇಲ್ಲಿ ಕೆಲಸಕ್ಕೆ ಬಾರದು. ಇದಕ್ಕೆ ನನಗೆ ತಿಳಿದ ಒಂದೇ ಸಿದ್ಧತೆ, ಪ್ರಥಮ ಪಿಯುಸಿಯ ಜೂನ್ ತಿಂಗಳಿನಿಂದಲೇ ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯವನ್ನೂ ಒಂದು ಕನ್ನಡ ಸಂಪಾದಕೀಯವನ್ನೂ ಓದಿ, ಬರೆದವರ ವಾದವೇನು, ಅದಕ್ಕೆ ಕೊಟ್ಟ ಆಧಾರವೇನು ಎಂದು ಎರಡು ವಾಕ್ಯದಲ್ಲಿ ಬರೆಯುವುದು. ಕನ್ನಡದ್ದೂ ಬೇಕೇ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಿದ್ದರು. ವಾದದ ಎಳೆಯನ್ನು ಹಿಡಿಯುವ ಅಭ್ಯಾಸ ತಾಯ್ನುಡಿಯಲ್ಲಿ ಬೇಗ ಕೂಡಿಬರುತ್ತದೆ, ಆಮೇಲೆ ಅದು ಇನ್ನೊಂದು ಭಾಷೆಗೂ ಒದಗುತ್ತದೆ ಎಂಬುದೇ ನನ್ನ ಉತ್ತರ. ಬಡ ಕುಟುಂಬಗಳ ಮಕ್ಕಳನ್ನು ಕ್ಲಾಟ್‌ಗೆ ತಯಾರು ಮಾಡಲೆಂದೇ ಪ್ರೊ. ಶಮ್ನಾದ್ ಬಶೀರ್ ಅವರು 2010ರಲ್ಲಿ ಹುಟ್ಟುಹಾಕಿದ ಐಡಿಐಎ ಎಂಬ ಸಂಸ್ಥೆಯಿದೆ. ಅರ್ಜಿ ಶುಲ್ಕವಂತೂ ಬಡವರ ಪಾಲಿಗೆ ವಿಪರೀತ: ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂಪಾಯಿ. ರಿಯಾಯಿತಿ ಐನೂರು ರೂಪಾಯಿಯಷ್ಟೇ. ಕೂಲಿ ಮಾಡುವ ತಾಯಿ ಒಂದು ಪರೀಕ್ಷೆಯ ಅರ್ಜಿಗೆ ಇಷ್ಟು ಹಣ ತರುವುದು ಹೇಗೆ? ಸಮಾಜ ಕಲ್ಯಾಣ ಇಲಾಖೆ ಈ ಶುಲ್ಕವನ್ನು ಭರಿಸಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ವಿಜ್ಞಾನದ ಮಕ್ಕಳಿಗೂ ಹೇಳುವುದಿದೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಬಹಳ ಮಂದಿ ಓದುವುದು ಪಿಸಿಎಂಬಿ, ಅಂದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ. ಅವರಿಗೆಂದೇ ಹೊಲಿದ ಅಂಗಿಯಂತಿರುವ ಪರೀಕ್ಷೆಯೊಂದಿದೆ. ಅದರ ಹೆಸರು ಐಸರ್ ಆಪ್ಟಿಟ್ಯೂಡ್ ಟೆಸ್ಟ್, ಅಂದರೆ ಐಎಟಿ. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರಹಾಂಪುರಗಳಲ್ಲಿರುವ ಏಳು ಐಸರ್ (ಮೂಲವಿಜ್ಞಾನದ ಬೋಧನೆ, ಸಂಶೋಧನೆಗೆಂದು ಕೇಂದ್ರ ಸ್ಥಾಪಿಸಿದ) ಸಂಸ್ಥೆಗಳಿಗೆ ಇದರಿಂದ ಪ್ರವೇಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ತನ್ನ ನಾಲ್ಕು ವರ್ಷದ ಬಿ.ಎಸ್. (ಸಂಶೋಧನೆ) ಪದವಿಗೆ ಈ ಅಂಕವನ್ನು ಪರಿಗಣಿಸುತ್ತದೆ. ಮೂರು ಗಂಟೆ, ಅರವತ್ತು ಪ್ರಶ್ನೆ: ಜೀವವಿಜ್ಞಾನ, ರಸಾಯನವಿಜ್ಞಾನ, ಗಣಿತ, ಭೌತವಿಜ್ಞಾನಗಳಿಂದ ತಲಾ ಹದಿನೈದು. ಜೆಇಇಗೆಂದು ಜೀವವಿಜ್ಞಾನ ಬಿಟ್ಟವರು, ನೀಟ್‌ಗೆಂದು ಗಣಿತ ಮರೆತವರು ಇಲ್ಲಿ ಕಾಲು ಭಾಗ ಅಂಕಕ್ಕೆ ತಡಕಾಡುತ್ತಾರೆ; ನಾಲ್ಕೂ ವಿಷಯಗಳನ್ನು ಸಮನಾಗಿ ಓದಿದ ನಮ್ಮ ಪಿಸಿಎಂಬಿ ವಿದ್ಯಾರ್ಥಿ ಅಷ್ಟು ಮುಂದೆ ಇರುತ್ತಾನೆ. ನೀಟ್‌ನಲ್ಲಿ ವೈದ್ಯಕೀಯ ಸೀಟು ಕೈತಪ್ಪಿದ ಮೇಲೆ ಒಂದು ವರ್ಷ ಮತ್ತೆ ಅದನ್ನೇ ಓದುತ್ತ ಮನೆಯಲ್ಲಿ ಕುಳಿತಿರುವ ಮಕ್ಕಳನ್ನು ನೋಡಿದಾಗಲೆಲ್ಲ, ಇವರಲ್ಲಿ ಜೀವವಿಜ್ಞಾನವನ್ನು ನಿಜವಾಗಿ ಪ್ರೀತಿಸುವವರಿಗೆ ಈ ದಾರಿಯನ್ನು ಯಾರೂ ಹೇಳಲಿಲ್ಲವಲ್ಲ ಎನಿಸುತ್ತದೆ. ಮಂಡಳಿಯ ಪರೀಕ್ಷೆಯಲ್ಲಿ ಮೊದಲ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿವರೆಗೆ ವಿದ್ಯಾರ್ಥಿವೇತನವೂ ಇದೆ. ಗಣಿತವೊಂದರಲ್ಲೇ ಮುಳುಗಿರುವ ಮಗುವಿದ್ದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಬಿ.ಮ್ಯಾಥ್ ಪದವಿಯನ್ನು ತೋರಿಸಬೇಕು. ಅಲ್ಲಿ ಬಹುಆಯ್ಕೆ ಪ್ರಶ್ನೆಗಳ ಜೊತೆಗೆ ಹಂತಹಂತವಾಗಿ ಬರೆದು ಸಾಧಿಸಬೇಕಾದ ಲೆಕ್ಕಗಳೂ ಇರುತ್ತವೆ, ಹಳೆಯ ಪ್ರಶ್ನೆಪತ್ರಿಕೆಗಳು ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ.

ಎಂಜಿನಿಯರಿಂಗ್ ಬಯಸುವವರ ವಿಷಯದಲ್ಲಿ ಜಾಹೀರಾತುಗಳು ಹೇಳದ ಒಂದು ನಿಯಮವನ್ನು ಮಾತ್ರ ಹೇಳುತ್ತೇನೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ಆ ರಾಜ್ಯದವರಿಗೆ. ಆದರೆ ಯಾರು ಯಾವ ರಾಜ್ಯದವರು ಎಂಬುದು ಅಲ್ಲಿ ನಿರ್ಧಾರವಾಗುವುದು ಹುಟ್ಟಿದ ಊರಿನಿಂದಲ್ಲ, ಮಾತೃಭಾಷೆಯಿಂದಲ್ಲ, ಹನ್ನೆರಡನೇ ತರಗತಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದರು ಎಂಬುದರಿಂದ. ಗಡಿ ಜಿಲ್ಲೆಗಳಿಂದ ಅನೇಕ ಮಕ್ಕಳು ಹತ್ತನೇ ತರಗತಿ ಇಲ್ಲಿ ಮುಗಿಸಿ ಇಂಟರ್‌ಮೀಡಿಯೆಟ್‌ಗೆಂದು ಹೈದರಾಬಾದಿಗೆ ಹೋಗುತ್ತಾರೆ. ಅವರು ಸುರತ್ಕಲ್‌ನಲ್ಲಿ ಹೊರರಾಜ್ಯದವರಾಗುತ್ತಾರೆ, ವಾರಂಗಲ್‌ನ ಎನ್‌ಐಟಿಯಲ್ಲಿ ತೆಲಂಗಾಣದ ಮಕ್ಕಳೊಡನೆ ಸ್ಪರ್ಧಿಸಬೇಕಾಗುತ್ತದೆ. ರಾಜ್ಯದ ಸಿಇಟಿಗೆ ಇಲ್ಲಿ ಓದಿದ ಏಳು ವರ್ಷಗಳ ಲೆಕ್ಕವಿರುವುದರಿಂದ ಅದೇ ನಿಯಮ ಎಲ್ಲೆಡೆಯೂ ಅನ್ವಯಿಸುತ್ತದೆ ಎಂದು ಪೋಷಕರು ಭಾವಿಸುತ್ತಾರೆ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಸ್ವಂತ ರಾಜ್ಯದ ಕೋಟಾವನ್ನು ಕಳೆದುಕೊಳ್ಳುವ ಮುನ್ನ ಒಮ್ಮೆ ಯೋಚಿಸುವುದು ಲೇಸು. ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಇದೆ. ಐಐಟಿ ಪ್ರವೇಶಕ್ಕೆ ಬೇಕಾದ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುವುದು ನಮ್ಮ ಸಂಸದರು ಸಂಸತ್ತಿನಲ್ಲಿ ಎತ್ತಬೇಕಾದ ವಿಷಯ.

ಇನ್ನು ಪ್ರಮಾಣಪತ್ರಗಳ ಮಾತು. ಓದುಗರಿಗೆ ಇದು ನೀರಸವೆನಿಸಬಹುದು, ಆದರೆ ಕಡಿಮೆ ಅಂಕದಂತೆ ಇದೂ ಸೀಟುಗಳನ್ನು ತಪ್ಪಿಸುತ್ತದೆ. ನಮ್ಮ ಮಕ್ಕಳ ಕೈಯಲ್ಲಿರುವುದು ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ನಮೂದಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಸಿಇಟಿಗೆ ಅದು ಸಾಕು, ಕೇಂದ್ರದ ಸಂಸ್ಥೆಗಳಿಗೆ ಸಾಲದು. ಅಲ್ಲಿ ಶೇ 27ರ ಹಿಂದುಳಿದ ವರ್ಗದ ಮೀಸಲಾತಿ ಪಡೆಯಲು, ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರ ಗುಂಪಿಗೆ) ಸೇರಿಲ್ಲವೆಂಬ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಐಐಟಿ, ಎನ್‌ಐಟಿ ಪ್ರವೇಶದಲ್ಲಿ ಅದು ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದಾಗಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಅಲ್ಲಿಲ್ಲದವರು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ, ಆರ್ಥಿಕವಾಗಿ ದುರ್ಬಲ ವರ್ಗದ ಶೇ 10ರ ಮೀಸಲಾತಿಗೆ ಅರ್ಜಿ ಹಾಕಬಹುದು. ಆದರೆ ಐದು ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ ಅದೂ ಸಿಗುವುದಿಲ್ಲ. ಮಳೆಯಾಶ್ರಿತ ಐದು ಎಕರೆಯಲ್ಲಿ ರಾಗಿ ಬೆಳೆಯುವವನನ್ನು ಸ್ಥಿತಿವಂತನೆಂದು ಎಣಿಸುವ ಈ ನಿಯಮದ ನ್ಯಾಯಾನ್ಯಾಯದ ಚರ್ಚೆ ಬೇರೆ. ಸೀಟು ಹಂಚಿಕೆಯ ಗಡುವಿನೊಳಗೆ ಸರಿಯಾದ ಪತ್ರ ಒದಗಿಸದಿದ್ದರೆ ಮೀಸಲಾತಿಯ ಹಕ್ಕು ಇದ್ದೂ ಇಲ್ಲದಂತಾಗಿ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಗುತ್ತದೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, ಕಲ್ಯಾಣ ಕರ್ನಾಟಕ ಭಾಗದವರ 371(ಜೆ) ಮೀಸಲಾತಿ ಇವು ರಾಜ್ಯದೊಳಗಿನ ಸೌಲಭ್ಯಗಳು. ಕೇಂದ್ರದ ಅರ್ಜಿಯಲ್ಲಿ ಅವುಗಳಿಗೆ ಅಂಕಣವೇ ಇಲ್ಲ.

ಹೆಸರಿನ ಗೊಂದಲವೂ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಪೂರ್ತಿ ಹೆಸರಿನೊಂದಿಗೆ, ಹೀಗೆ ಒಬ್ಬನೇ ಹುಡುಗ ಮೂರು ಜನರಾಗಿರುತ್ತಾನೆ. ಇದನ್ನು ಸರಿಪಡಿಸಲು ಪ್ರಥಮ ಪಿಯುಸಿಯ ಒಂದು ವರ್ಷ ಧಾರಾಳವಾಗಿ ಸಾಕು. ಅರ್ಜಿಯ ಕೊನೆಯ ದಿನ ಆಧಾರ್ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತರೆ ಸಾಲದು.

ಖರ್ಚಿನ ಭಯದಿಂದ ಅರ್ಜಿಯನ್ನೇ ಹಾಕದವರು ಬಹಳ ಮಂದಿ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದವರಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ, 5 ಲಕ್ಷದವರೆಗೆ ಮೂರನೇ ಎರಡು ಭಾಗ ಮಾಫಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರು ಜಾಮೀನಾಗಲೀ ಆಸ್ತಿ ಅಡಮಾನವಾಗಲೀ ಇಲ್ಲದೆ ಸಾಲ ಪಡೆಯಬಹುದು. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಸರ್ಜಾಪುರದ ಅದರ ವಿಶ್ವವಿದ್ಯಾಲಯವೂ ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ನೀಡುತ್ತದೆ. ದೂರದ ಊರಿನಲ್ಲಿ ಊಟ, ವಸತಿಯ ಖರ್ಚು ಆಗಿಯೇ ಆಗುತ್ತದೆ, ಅದನ್ನು ಇಲ್ಲವೆನ್ನಲಾರೆ. ಆದರೆ ಹೆಸರೇ ಕೇಳದ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವವರು, ಈ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಬರೆದು ನೋಡಲಿ.

ನಗರಗಳಲ್ಲಿ ಈಗ 'ಪ್ರೊಫೈಲ್ ಬಿಲ್ಡಿಂಗ್' ಎಂಬ ವ್ಯಾಪಾರವೊಂದು ಶುರುವಾಗಿದೆ. ಅಮೆರಿಕದ ಮತ್ತು ಇಲ್ಲಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಅಂಕದ ಜೊತೆಗೆ ಪ್ರಬಂಧ, ಸಂದರ್ಶನ, ತರಗತಿಯಾಚೆಯ ಕೆಲಸಗಳನ್ನು ನೋಡುವುದರಿಂದ, ಎರಡು ವಾರದ 'ಇಂಟರ್ನ್‌ಶಿಪ್', ಹಣ ಕೊಟ್ಟರೆ ಪ್ರಕಟವಾಗುವ 'ಸಂಶೋಧನಾ ಲೇಖನ', ಒಂದು ದಿನದ ಸಮಾಜಸೇವೆಯ ಫೋಟೊ ಇವನ್ನೆಲ್ಲ ಹೊಂದಿಸಿಕೊಡುವ ಸಲಹೆಗಾರರು ಹುಟ್ಟಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇದು ಹಣ ಪೋಲು, ಮಗುವಿಗೆ ಸುಳ್ಳು ಹೇಳುವ ತರಬೇತಿ ಕೂಡ. ಊರ ಗ್ರಂಥಾಲಯದ ಪುಸ್ತಕಗಳನ್ನು ಎರಡು ವರ್ಷ ಬಿಡದೆ ಓದಿದವಳು, ಅಪ್ಪನ ತೋಟದಲ್ಲಿ ಹನಿ ನೀರಾವರಿಯ ಲೆಕ್ಕ ಇಟ್ಟವನು, ಯಕ್ಷಗಾನ ಮೇಳದಲ್ಲಿ ಚೆಂಡೆ ಕಲಿತವನು, ಇಂಥವರಲ್ಲಿ ಸಂದರ್ಶನದಲ್ಲಿ ಹೇಳಿಕೊಳ್ಳಲು ಸ್ವಂತದ್ದು ಬೇಕಾದಷ್ಟಿರುತ್ತದೆ. ಅದನ್ನು ನೇರವಾಗಿ, ಅಳುಕಿಲ್ಲದೆ ಹೇಳುವುದನ್ನು ಕಲಿಸಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಸೀಟು ಖಚಿತವೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂ ಬಾರದು. ಅರ್ಜಿ ಹಾಕಿದ ಬಹುಪಾಲು ಮಕ್ಕಳನ್ನು ಹಿಂದಕ್ಕೆ ಕಳಿಸುವುದರಿಂದಲೇ ಈ ಸಂಸ್ಥೆಗಳಿಗೆ ಆ ಹೆಸರು. ಆದ್ದರಿಂದ ಎರಡು ಮೂರು ದೊಡ್ಡ ಗುರಿಗಳ ಜೊತೆಗೆ, ಸೇರಿದರೆ ಬೇಸರವಾಗದಂಥ ಹತ್ತಿರದ ಒಂದು ಒಳ್ಳೆಯ ಕಾಲೇಜನ್ನೂ ಮೊದಲೇ ಆರಿಸಿಟ್ಟುಕೊಳ್ಳಬೇಕು. ಮೈಸೂರು, ಧಾರವಾಡ, ಮಂಗಳೂರುಗಳ ಹಳೆಯ ಕಾಲೇಜುಗಳಲ್ಲಿ ಓದಿ ಸ್ನಾತಕೋತ್ತರ ಪದವಿಗೆ ಇದೇ ಸಂಸ್ಥೆಗಳನ್ನು ಸೇರಿದವರು ಇದ್ದಾರೆ.

ಸರ್ಕಾರದಿಂದ ಏನಾಗಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸರ್ಕಾರಿ ಪದವಿಪೂರ್ವ ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರನ್ನು ಉನ್ನತ ಶಿಕ್ಷಣ ಮಾರ್ಗದರ್ಶಕರೆಂದು ನೇಮಿಸಿ, ವಾರಕ್ಕೆ ನಾಲ್ಕು ಗಂಟೆಯ ಬೋಧನೆಯನ್ನು ಅವರಿಗೆ ಕಡಿಮೆ ಮಾಡಬೇಕು. ಈ ಕೆಲಸವನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಬಾರದು. ವೇತನವೇ ಸಕಾಲಕ್ಕೆ ಬಾರದವರಿಂದ ಹೆಚ್ಚುವರಿ ಸೇವೆ ಕೇಳಲು ನಮಗೆ ಬಾಯಿಲ್ಲ. ಜಿಲ್ಲೆಯ ಉಪನಿರ್ದೇಶಕರು ಪ್ರತಿ ಜೂನ್‌ನಲ್ಲಿ ಕ್ಲಾಟ್, ಜೆಇಇ, ಸಿಯುಇಟಿ, ಐಎಟಿ, ಸಾಂಖ್ಯಿಕ ಸಂಸ್ಥೆ, ಶಿಕ್ಷಕ ತರಬೇತಿಯ ಎನ್‌ಸಿಇಟಿ ಮೊದಲಾದ ಪರೀಕ್ಷೆಗಳ ಅರ್ಜಿಯ ತಿಂಗಳು, ಅರ್ಹತೆ, ಶುಲ್ಕಗಳನ್ನು ಕನ್ನಡದಲ್ಲಿ ಒಂದು ಭಿತ್ತಿಪತ್ರವಾಗಿ ಮುದ್ರಿಸಿ ಎಲ್ಲ ಕಾಲೇಜುಗಳ ಸೂಚನಾ ಫಲಕಕ್ಕೆ ಹಾಕಿಸಲಿ. ಏಪ್ರಿಲ್ ಎರಡನೇ ವಾರದಲ್ಲಿ ನಾಡಕಚೇರಿಯ ಸಿಬ್ಬಂದಿ ಕಾಲೇಜಿಗೇ ಬಂದು ಕೇಂದ್ರದ ನಮೂನೆಯ ಪ್ರಮಾಣಪತ್ರಗಳಿಗೆ ಅರ್ಜಿ ಪಡೆಯುವಂತೆ ತಹಶೀಲ್ದಾರರಿಗೆ ಆದೇಶ ಹೊರಡಲಿ. ಚುನಾವಣೆಗೆ, ಜನಗಣತಿಗೆ ಶಾಲೆಗೆ ಬರುವ ಕಂದಾಯ ಇಲಾಖೆಗೆ ವರ್ಷಕ್ಕೆ ಮೂರು ದಿನ ಮಕ್ಕಳಿಗಾಗಿ ಬರುವುದು ಹೊರೆಯಾಗಲಾರದು. ಇವು ಯಾವುದಕ್ಕೂ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಸಿಇಟಿ, ನೀಟ್ ಸುದ್ದಿಗೆ ಕೊಡುವ ಜಾಗದಲ್ಲಿ ಕಾಲು ಭಾಗವನ್ನು ಪ್ರತಿ ವಾರ ಈ ಇತರ ಪರೀಕ್ಷೆಗಳ ದಿನಾಂಕಗಳಿಗೆ ಮೀಸಲಿಡಿ. ಕ್ಲಾಟ್ ಅರ್ಜಿ ಜುಲೈ ಅಥವಾ ಆಗಸ್ಟ್‌ನಲ್ಲಿ ತೆರೆಯುವುದರಿಂದ ಜೂನ್ ಕೊನೆಯ ವಾರದಿಂದಲೇ ಅದನ್ನು ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ